ಮದುವೆ ದಿನ ಮೊದಲೇ ತಿಳಿಸಲು ವಾಟ್ಸಾಪ್ ಸಾಕಾ, ಅಚ್ಚು ಹಾಕಿಸಿದ ಕಾರ್ಡೇ ಬೇಕಾ?

ಗೋಣಿಬೀಡು ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನ ಮದುವೆ 2026ರ ಏಪ್ರಿಲ್ ಕೊನೆಯ ಭಾನುವಾರ, ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ. ನಮ್ಮ ಮನೆ ಮೂಡಿಗೆರೆ ತಾಲ್ಲೂಕು ಗೋಣಿಬೀಡು ಹತ್ತಿರ. ಹುಡುಗಿ ಮನೆಯವರು ಚನ್ನರಾಯಪಟ್ಟಣದವರು. ಹುಡುಗ ಹುಡುಗಿ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ.

ಕಾರ್ಡ್ ವಿಷಯಕ್ಕೆ ಮನೆಯಲ್ಲಿ ಎರಡು ವಾರದಿಂದ ಮಾತಿಗೆ ಮಾತು ಬೆಳೆಯುತ್ತಿದೆ. ಜನವರಿಯಲ್ಲೇ ಒಂದು ‘ಸೇವ್ ದಿ ಡೇಟ್’ ವಿಡಿಯೊ ಮಾಡಿಸಿ ಎಲ್ಲರಿಗೂ ವಾಟ್ಸಾಪ್‌ನಲ್ಲಿ ಕಳಿಸೋಣ, ಆಮೇಲೆ ಆಮಂತ್ರಣವೂ ಹಾಗೇ ಹೋಗಲಿ, ಕಾರ್ಡು 100 ಸಾಕು ಅಂತ ತಮ್ಮ. ಅಪ್ಪನಿಗೆ 800 ಕಾರ್ಡ್ ಬೇಕು. ‘ಬಾಗಿಲಿಗೆ ಹೋಗದೆ ಕರೆದರೆ ಅದು ಕರೆದ ಹಾಗಲ್ಲ’ ಅನ್ನುತ್ತಾರೆ. ಅವರಿಗೆ 68 ವಯಸ್ಸು, ಹೋದ ವರ್ಷ ಮಂಡಿ ಆಪರೇಷನ್ ಆಗಿದೆ. ಈಗ ಕಾಫಿ ಕುಯ್ಲು ಜೋರಾಗಿದೆ. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಶುರು. ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಲು ಬೇಕಾದ ಮಳೆ) ಸರಿಯಾಗಿ ಬರದಿದ್ದರೆ ಸ್ಪ್ರಿಂಕ್ಲರ್ ಹಿಂದೆ ಓಡಬೇಕು. 800 ಮನೆ ಯಾರು ತಿರುಗುವುದು?

ತಮ್ಮನ ಮಾತೂ ಸರಿ ಅನಿಸುತ್ತದೆ. ಅಪ್ಪನ ಮುಖ ನೋಡಿದರೆ ಅದನ್ನು ಹೇಳಲು ಬಾಯಿ ಬರುವುದಿಲ್ಲ. ದಿನ ತಿಳಿಸುವುದಕ್ಕೆ ಅಂತಲೇ ಬೇರೆ ಕಾರ್ಡ್ ಹಾಕಿಸಿದವರು ಯಾರಾದರೂ ಇದ್ದೀರಾ? ಬರೀ ಮೊಬೈಲ್‌ನಲ್ಲಿ ಕರೆದವರಿಗೆ ಆಮೇಲೆ ನೆಂಟರಿಂದ ಮಾತು ಬಂತಾ? ನಿಮ್ಮ ಅನುಭವ ಹೇಳಿ.

ಆಲೂರಿನವ

ಅಕ್ಕ, ದಿನ ತಿಳಿಸುವುದು ಮೊಬೈಲ್‌ನಲ್ಲೇ ಇರಲಿ, ಅದೂ ಬೇಗ. 2026ರಲ್ಲಿ ಅಧಿಕ ಮಾಸ ಇದೆ. ಮೇ 17ಕ್ಕೆ ಅಧಿಕ ಜ್ಯೇಷ್ಠ ಶುರುವಾಗಿ ಜೂನ್ 15ಕ್ಕೆ ಮುಗಿಯುತ್ತದೆ. ಆ ತಿಂಗಳು ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಆಮೇಲೆ ನಿಜ ಜ್ಯೇಷ್ಠ ಬಂತು ಅಂದರೆ ಮನೆಯ ಹಿರಿ ಮಗ, ಹಿರಿ ಮಗಳ ಮದುವೆ ಮಾಡಲು ಹಿಂದೆ ಮುಂದೆ ನೋಡುತ್ತಾರೆ, ಮಳೆಯೂ ಹಿಡಿದಿರುತ್ತದೆ. ಅದರ ಹಿಂದೆಯೇ ಆಷಾಢ. ಹಾಗಾಗಿ ಎಲ್ಲರೂ ಏಪ್ರಿಲ್ ಮತ್ತು ಮೇ ಮೊದಲ ಎರಡು ವಾರಕ್ಕೆ ನುಗ್ಗುತ್ತಿದ್ದಾರೆ. ನಿಮ್ಮ ಭಾನುವಾರವೇ ಇನ್ನೂ ಎರಡು ಮೂರು ಮನೆಯ ಮದುವೆ ಇರುತ್ತದೆ ನೋಡಿ. ಮೊದಲು ಹೇಳಿದವರ ಮನೆಗೆ ಜನ ಬರುತ್ತಾರೆ.

ಇನ್ನೊಂದು, ದೂರದವರು ರೈಲಲ್ಲಿ ಬರುವುದಿದ್ದರೆ ಈಗ ಟಿಕೆಟ್ 60 ದಿನ ಮೊದಲು ಮಾತ್ರ ಸಿಗುವುದು. 2024ರ ನವೆಂಬರ್‌ನಿಂದ ಹಾಗಾಗಿದೆ, ಮೊದಲು 120 ದಿನ ಇತ್ತು. ಫೆಬ್ರವರಿ ಕೊನೆಗೆ ಟಿಕೆಟ್ ತೆರೆಯುವಾಗ ಅವರಿಗೆ ದಿನ ಗೊತ್ತಿರಬೇಕು. ಕಾರ್ಡ್ ಬರುವುದು ಮಾರ್ಚ್ ಕೊನೆಗೆ. ಅಷ್ಟರಲ್ಲಿ ವೇಟಿಂಗ್ ಲಿಸ್ಟ್.

ಕಳಸದ ಕಡೆಯವಳು

ದಿನ ತಿಳಿಸುವುದಕ್ಕೆ ಬೇರೆ ಕಾರ್ಡ್ ಹಾಕಿಸಿದವರನ್ನು ನಾನಂತೂ ನಮ್ಮ ಕಡೆ ಕಂಡಿಲ್ಲ.

ನಿವೃತ್ತ ಮೇಷ್ಟ್ರು, ಹೊಳೆನರಸೀಪುರ

ತಾಯಿ, ಒಂದು ವಿಷಯ ಮೊದಲು ಕೇಳುತ್ತೇನೆ. ಲಗ್ನಪತ್ರಿಕೆ ಶಾಸ್ತ್ರ ಆಗಿದೆಯಾ?

ಈಗ ಎಲ್ಲರೂ ಅಚ್ಚಾದ ಕಾರ್ಡಿಗೇ ಲಗ್ನಪತ್ರಿಕೆ ಅನ್ನುತ್ತಾರೆ. ನಿಜವಾದ ಲಗ್ನಪತ್ರಿಕೆ ಪುರೋಹಿತರು ಎರಡೂ ಮನೆಯವರ ಎದುರು ಕೂತು ಕೈಯಲ್ಲಿ ಬರೆಯುವುದು. ಸಂವತ್ಸರ, ಮಾಸ, ತಿಥಿ, ನಕ್ಷತ್ರ, ಲಗ್ನ ಎಲ್ಲ ಬರೆದು, ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ಗಟ್ಟಿಯಾಗಿ ಓದಿ ಹೇಳಿ, ಎಲೆ ಅಡಿಕೆ ತಟ್ಟೆ ಬದಲಾಯಿಸಿಕೊಳ್ಳುತ್ತಾರೆ. ಅದು ಆದ ಮೇಲೆ ದಿನ ಗಟ್ಟಿ. ಅಲ್ಲಿಯವರೆಗೆ ಊರಿಗೆ ಸಾರಬಾರದು. ನಮ್ಮ ಬೀದಿಯಲ್ಲಿ ಒಬ್ಬರು ಅವಸರ ಮಾಡಿ ಊರಿಗೆಲ್ಲ ವಿಡಿಯೊ ಕಳಿಸಿದರು. ಆಮೇಲೆ ಹುಡುಗಿ ಕಡೆ ಒಂದು ಸಾವಾಗಿ ದಿನ ಮುಂದೆ ಹೋಯಿತು. ಹೊಸ ದಿನದ ವಿಡಿಯೊ ಕಳಿಸಿದರೂ ಹಳೆಯದು ಫೋನಿಂದ ಫೋನಿಗೆ ಓಡಾಡುತ್ತಲೇ ಇತ್ತು. ಹಳೇ ದಿನಕ್ಕೇ ಮಂಟಪದ ಹತ್ತಿರ ಹೋಗಿ ಬೀಗ ನೋಡಿ ವಾಪಸು ಬಂದವರಿದ್ದಾರೆ.

ಮೊಬೈಲ್‌ನಲ್ಲಿ ತಿಳಿಸಬಾರದು ಅಂತ ನಾನು ಹೇಳುವುದಿಲ್ಲ. ಶಾಸ್ತ್ರ ಮುಗಿದ ಸಂಜೆ ತಿಳಿಸಿ.

ಗೋಣಿಬೀಡು ಅಕ್ಕ

ಮೇಷ್ಟ್ರೇ, ಇನ್ನೂ ಆಗಿಲ್ಲ. ಸಂಕ್ರಾಂತಿ ಆದ ಮೇಲೆ ಚನ್ನರಾಯಪಟ್ಟಣದಲ್ಲಿ ಹುಡುಗಿ ಮನೆಯಲ್ಲಿ ಇಟ್ಟುಕೊಂಡಿದ್ದೇವೆ. ತಮ್ಮ ಜನವರಿ 1ಕ್ಕೇ ವಿಡಿಯೊ ಬಿಡುವ ಯೋಚನೆಯಲ್ಲಿದ್ದ. ಒಳ್ಳೆ ಸಮಯಕ್ಕೆ ಹೇಳಿದಿರಿ.

ಅರಸೀಕೆರೆ ಟು ಬೆಂಗಳೂರು

ನಾನು ನಿಮ್ಮ ತಮ್ಮನ ಪರ. ಹೋದ ವರ್ಷ ನನ್ನ ಮದುವೆ ಆಯಿತು. 700 ಕಾರ್ಡ್ ಹಾಕಿಸಿದೆವು. ನಾಲ್ಕು ಶನಿವಾರ, ನಾಲ್ಕು ಭಾನುವಾರ ನಾನು ಮತ್ತು ಅಪ್ಪ ಕಾರಲ್ಲಿ ತಿರುಗಿದ್ದೇ ತಿರುಗಿದ್ದು. ಪ್ರತಿ ಮನೆಯಲ್ಲೂ ಕೂರಿಸಿ ಕಾಫಿ ಕೊಡುತ್ತಾರೆ. ಬೇಡ ಅಂದರೆ ಬೇಜಾರು. ಒಂದು ದಿನಕ್ಕೆ ಹೆಚ್ಚೆಂದರೆ 25 ಮನೆ. ಕೊನೆಗೆ ಸುಮಾರು 200 ಕಾರ್ಡ್ ಮನೆಯಲ್ಲೇ ಉಳಿಯಿತು. ಅದರ ಮೇಲೆ ಗಣಪತಿ ಇದ್ದಾನೆ, ಕಸಕ್ಕೆ ಹಾಕುವ ಹಾಗಿಲ್ಲ, ಒಲೆಗೆ ಹಾಕುವ ಹಾಗಿಲ್ಲ. ಇವತ್ತಿಗೂ ಅಟ್ಟದ ಮೇಲಿದೆ.

ಒಂದು ಕಾರ್ಡಿಗೆ 22 ರೂಪಾಯಿ ಕೊಟ್ಟಿದ್ದೆವು. ಪೆಟ್ರೋಲು, ರಜೆ ಬೇರೆ. ಆ ದುಡ್ಡಲ್ಲಿ ಇನ್ನೊಂದು ಸಿಹಿ ಹೆಚ್ಚಿಗೆ ಬಡಿಸಬಹುದಿತ್ತು. ಬಂದವರಲ್ಲಿ ಕಾರ್ಡ್ ನೋಡಿ ಬಂದವರು ಎಷ್ಟು ಜನ? ಎಲ್ಲರೂ ಹಿಂದಿನ ದಿನ ಫೋನ್ ಮಾಡಿ ‘ಲೊಕೇಶನ್ ಹಾಕಪ್ಪ’ ಅಂದವರೇ.

ಯಸಳೂರು ಗೌಡ್ತಿ

ನಿಮ್ಮ ಅರಸೀಕೆರೆಯಲ್ಲಿ ಎಲ್ಲರ ಮನೆಯಲ್ಲೂ ನೆಟ್‌ವರ್ಕ್ ಇರುತ್ತೆ ತಮ್ಮಾ. ಇಲ್ಲಿ ಬಂದು ನೋಡಿ. ನಮ್ಮ ಮನೆಯಲ್ಲಿ ಸಿಗ್ನಲ್ ಬೇಕಂದರೆ ಗೇಟು ದಾಟಿ ತಿರುವಿನ ಹತ್ತಿರ ಹಲಸಿನ ಮರದ ಕೆಳಗೆ ನಿಲ್ಲಬೇಕು. ಮಳೆಗಾಲದಲ್ಲಿ ಕರೆಂಟ್ ಹೋಯಿತು ಅಂದರೆ ಟವರೂ ಸತ್ತ ಹಾಗೆ.

ನನ್ನ ಸೋದರಮಾವನ ಮೊಮ್ಮಗಳ ಮದುವೆಗೆ ನಾವು ಹೋಗಲಿಲ್ಲ. ಅವರು ಎರಡು ತಿಂಗಳು ಮೊದಲೇ ವಿಡಿಯೊ ಕಳಿಸಿದ್ದರಂತೆ. ನಮ್ಮವರ ಫೋನಿನಲ್ಲಿ ಅದು ಡೌನ್‌ಲೋಡ್ ಆಗದೆ ಮಸುಕು ಮಸುಕಾಗಿ, ಮಧ್ಯದಲ್ಲಿ ಬಾಣದ ಗುರುತು ಇಟ್ಟುಕೊಂಡು ಹಾಗೇ ಕೂತಿತ್ತು. ಯಾರೋ ಶುಭೋದಯ ಕಳಿಸಿದ್ದಾರೆ ಅಂದುಕೊಂಡರು. ಮದುವೆ ಆಗಿ ವಾರವಾದ ಮೇಲೆ ಮಾವ ಫೋನ್ ಮಾಡಿ ‘ನಿಮಗೆ ನಾವು ಬೇಡವಾದೆವಾ’ ಅಂತ ಅತ್ತರು. ನಾನೂ ಅತ್ತೆ. ಅವರು ಕರೆದಿದ್ದರು, ನಮಗೆ ಕರೆದದ್ದು ಗೊತ್ತೇ ಇರಲಿಲ್ಲ. ಎರಡೂ ಮನೆಯವರದ್ದು ತಪ್ಪಿಲ್ಲ. ಆದರೂ ಆ ಮದುವೆ ವಾಪಸು ಬರುವುದಿಲ್ಲ ಅಲ್ವಾ.

ಅರಸೀಕೆರೆ ಟು ಬೆಂಗಳೂರು

ಒಪ್ಪಿದೆ ಅಕ್ಕ. ಅದು ಕಳಿಸಿ ಸುಮ್ಮನಾದದ್ದರ ತಪ್ಪು. ಕಳಿಸಿದ ಮೇಲೆ ಒಂದು ಫೋನ್ ಮಾಡಬೇಕಿತ್ತು.

ಯಸಳೂರು ಗೌಡ್ತಿ

ಫೋನೂ ಅದೇ ಹಲಸಿನ ಮರದ ಕೆಳಗೆ ಬರಬೇಕಲ್ಲ.

ಡಿಟಿಪಿ ಕೆಲಸ, ಚಿಕ್ಕಮಗಳೂರು

ಪ್ರೆಸ್‌ನಲ್ಲಿ 14 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಕಾರ್ಡೂ ಮಾಡುತ್ತೇವೆ, ಈಗ ಮೊಬೈಲ್‌ಗೆ ಇಮೇಜು, ವಿಡಿಯೊ ಕೂಡ ಮಾಡಿಕೊಡುತ್ತೇವೆ. ಹಾಗಾಗಿ ಯಾವುದರ ಪರವೂ ಅಲ್ಲ. ಕೆಲವು ವಿಷಯ ಗೊತ್ತಿರಲಿ.

ಹೆಚ್ಚಿನವರು ತೆಗೆದುಕೊಳ್ಳುವುದು ರೆಡಿ ಕಾರ್ಡ್. ಅದು ಶಿವಕಾಶಿ ಕಡೆಯಿಂದ, ಬೆಂಗಳೂರಿನ ಸುಲ್ತಾನ್‌ಪೇಟೆ ಸಗಟು ಅಂಗಡಿಗಳಿಂದ ಬರುತ್ತದೆ. ಒಳಗಿನ ಮ್ಯಾಟರ್ ಮಾತ್ರ ನಾವು ಹಾಕುವುದು. ಸೀಸನ್ ಇಲ್ಲದಾಗ ಮೂರು ನಾಲ್ಕು ದಿನಕ್ಕೆ ಕೊಡುತ್ತೇವೆ. ಯುಗಾದಿ ಆದ ಮೇಲೆ ಬಂದರೆ ಹತ್ತು ದಿನ ಕೇಳುತ್ತೇವೆ. 2026ರಲ್ಲಿ ಯುಗಾದಿ ಮಾರ್ಚ್ 19ಕ್ಕೆ. ಅದಕ್ಕೆ ಮೊದಲೇ ಮ್ಯಾಟರ್ ಕೊಡಿ.

ಮ್ಯಾಟರ್ ಅಂದೆ, ತಪ್ಪು ಆಗುವುದು ಅಲ್ಲೇ. ಈಗ ಎಲ್ಲರೂ ವಾಟ್ಸಾಪ್‌ನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ. ನಮ್ಮ ಡಿಸೈನ್ ಇರುವುದು ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟ್‌ನಲ್ಲಿ. ಬದಲಾಯಿಸುವಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ. ‘ಕಾರ್ಯಕ್ರಮ’ ಹೋಗಿ ‘ಕಾಯರ್ಕ್ರಮ’ ಆಗುತ್ತದೆ. ನಾವು ನೋಡುತ್ತೇವೆ, ಆದರೆ ನಿಮ್ಮ ಮನೆಯವರ ಹೆಸರು ನಮಗೆ ಗೊತ್ತಿರುವುದಿಲ್ಲ. ಪ್ರೂಫ್ ಕೊಟ್ಟಾಗ ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಕೈಬರಹದ ಚೀಟಿ ಹಿಡಿದು ಹೋಲಿಸಬೇಕು. ತಾರೀಕು, ವಾರ, ಎರಡನ್ನೂ ಕ್ಯಾಲೆಂಡರ್ ತೆರೆದು ನೋಡಬೇಕು. ಅವಸರದಲ್ಲಿ ಮೊಬೈಲ್ ಮೇಲೆ ಬೆರಳು ಆಡಿಸಿ ‘ಓಕೆ’ ಅಂದವರೇ ಆಮೇಲೆ ಬಂದು ಜಗಳ ಮಾಡುವುದು.

ಮದುಮಕ್ಕಳ ವಯಸ್ಸಿನ ದಾಖಲೆಯನ್ನೂ ಕೇಳುತ್ತೇವೆ. ಹುಡುಗಿಗೆ 18, ಹುಡುಗನಿಗೆ 21 ಆಗಿರಬೇಕು. ಕೇಳಿದರೆ ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಬಾಲ್ಯ ವಿವಾಹಕ್ಕೆ ನೆರವಾದವರಿಗೂ 2006ರ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ವಾಟ್ಸಾಪ್ ವಿಡಿಯೊ ಮಾಡುವ ಆಪ್ ಯಾವತ್ತೂ ವಯಸ್ಸು ಕೇಳುವುದಿಲ್ಲ. ನನಗೆ ಅದು ಸಣ್ಣ ವಿಷಯ ಅನಿಸುವುದಿಲ್ಲ.

ಸಖರಾಯಪಟ್ಟಣ ಶಾನುಭೋಗರ ಮನೆ

ವಯಸ್ಸಿನ ಮಾತು ಒಳ್ಳೆಯದು ಹೇಳಿದಿರಿ. ಈ ಲೆಕ್ಕ ಯಾರೂ ಹಾಕುವುದಿಲ್ಲ.

ಬೇಲೂರು ಸೊಸೆ

ನನ್ನದು ಬೇರೆ ತಕರಾರು. ಸೇವ್ ದಿ ಡೇಟ್ ವಿಡಿಯೊ ಯಾಕೆ ಪೂರ್ತಿ ಇಂಗ್ಲಿಷ್‌ನಲ್ಲೇ ಇರಬೇಕು? ನಮ್ಮ ಅತ್ತೆಗೆ ಒಂದು ವಿಡಿಯೊ ತೋರಿಸಿದೆ. ಗುಡ್ಡದ ಮೇಲೆ ಹುಡುಗ ಹುಡುಗಿ ಬೆನ್ನು ಹಾಕಿ ನಿಂತಿದ್ದಾರೆ, ಮೇಲೆ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ, ಕೆಳಗೆ ತಾರೀಕು. ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ ‘ಇದು ಯಾರ ಮನೆ ಮದುವೆ’ ಅಂತ ಕೇಳಿದರು. ಅವರ ಸ್ವಂತ ತಂಗಿಯ ಮೊಮ್ಮಗನದು! ಅಪ್ಪ ಅಮ್ಮನ ಹೆಸರಿಲ್ಲ, ಊರಿಲ್ಲ, ಮನೆತನ ಇಲ್ಲ. ನಮ್ಮಲ್ಲಿ ಮಕ್ಕಳನ್ನು ಗುರುತು ಹಿಡಿಯುವುದೇ ‘ಇಂಥವರ ಮಗ, ಇಂಥ ಊರು’ ಅಂತ ತಾನೆ.

ಕನ್ನಡದಲ್ಲಿ ಇರಲಿ. ದೊಡ್ಡ ಅಕ್ಷರದಲ್ಲಿ ಇರಲಿ. ಅಜ್ಜ ಅಜ್ಜಿ ಹೆಸರು ಇರಲಿ.

ಆಲೂರಿನವ

ಹೆಸರು ಅಂದಿರಿ, ಕಾರ್ಡಿನಲ್ಲಿ ‘ಸುಖಾಗಮನ ಬಯಸುವವರು’ ಪಟ್ಟಿ ಮಾಡುವಾಗ ನಮ್ಮ ಮನೆಯಲ್ಲಿ ಮೂರು ದಿನ ಅಡುಗೆ ಮನೆ ಒಂದು ಕಡೆ, ಜಗುಲಿ ಒಂದು ಕಡೆ ಆಗಿತ್ತು. ಒಬ್ಬ ಚಿಕ್ಕಪ್ಪನ ಹೆಸರು ಬಿಟ್ಟುಹೋಗಿ ಅವರು ಇವತ್ತಿಗೂ ನಮ್ಮ ಮನೆಗೆ ಬರುವುದಿಲ್ಲ. 11 ವರ್ಷ ಆಯಿತು.

ಬೇಲೂರು ಸೊಸೆ

ಅಯ್ಯೋ. ಹೋಗಿ ಕರೆದುಕೊಂಡು ಬನ್ನಿ ಅವರನ್ನು. ಹನ್ನೊಂದು ವರ್ಷ ಜಾಸ್ತಿ ಆಯಿತು.

ಸಕಲೇಶಪುರ ಪ್ಲಾಂಟರ್

ಕಾರ್ಡ್ ಹಂಚಲು ಹೊರಡುವವರಿಗೆ ಒಂದು ಎಚ್ಚರಿಕೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಕಾಟ ನಿಮಗೆ ಹೇಳಬೇಕಾಗಿಲ್ಲ. ಕುಯ್ಲು ಸಮಯದಲ್ಲಿ ತೋಟದಿಂದ ತೋಟಕ್ಕೆ ಓಡಾಡುತ್ತಿರುತ್ತವೆ. ಸಂಜೆ ಐದಕ್ಕೆ ಕೊನೆಯ ಮನೆ ಮುಗಿಸಿ ಟಾರ್ ರಸ್ತೆಗೆ ಬಂದುಬಿಡಿ. ‘ಇನ್ನೊಂದೇ ಮನೆ’ ಅಂತ ಬೈಕ್‌ನಲ್ಲಿ ಕತ್ತಲೆಯಲ್ಲಿ ಎಸ್ಟೇಟ್ ರಸ್ತೆಗೆ ಇಳಿಯಬೇಡಿ. ಹೊರಡುವ ಮೊದಲು ಊರಿನ ಆನೆ ವಾಟ್ಸಾಪ್ ಗ್ರೂಪಿನಲ್ಲಿ ಆನೆ ಯಾವ ಕಡೆ ಇದೆ ಅಂತ ನೋಡಿ. ನನ್ನ ಭಾವಮೈದುನ ಕೈಯಲ್ಲಿ ಕಾರ್ಡ್ ಕಟ್ಟು ಹಿಡಿದುಕೊಂಡೇ ತಿರುವಿನಲ್ಲಿ ಆನೆ ಎದುರು ಸಿಕ್ಕಿ ಬೈಕ್ ಬಿಟ್ಟು ಓಡಿದ. ಜೀವ ಉಳಿಯಿತು. ಬೈಕ್ ಉಳಿಯಲಿಲ್ಲ.

ಅಕ್ಕ, ನಿಮ್ಮ ತಂದೆಯವರನ್ನು ಹಾಗೆ ಕಳಿಸಬೇಡಿ.

ಹಾಸನ ಕೆ.ಆರ್. ಪುರಂ

ಎಲ್ಲರೂ ಇದನ್ನು ಓದಿ. ಮದುವೆ ಆಮಂತ್ರಣದ ಹೆಸರಲ್ಲಿ ವಾಟ್ಸಾಪ್‌ಗೆ ಮೋಸದ ಫೈಲ್ ಬರುತ್ತಿದೆ. ಹಲವು ರಾಜ್ಯಗಳ ಪೊಲೀಸರು ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದ್ದಾರೆ. ನೋಡಲು ಆಮಂತ್ರಣದ ಹಾಗಿರುತ್ತದೆ, ಆದರೆ ಫೈಲ್ ಹೆಸರಿನ ಕೊನೆಗೆ ‘ಎಪಿಕೆ’ (.apk) ಅಂತ ಇರುತ್ತದೆ. ಅದು ಚಿತ್ರ ಅಲ್ಲ, ಆಪ್. ಒತ್ತಿ ಇನ್‌ಸ್ಟಾಲ್ ಮಾಡಿದರೆ ನಿಮ್ಮ ಮೆಸೇಜು, ಒಟಿಪಿ ಎಲ್ಲ ಅವರ ಕೈಗೆ. ಆಮೇಲೆ ನಿಮ್ಮ ನಂಬರಿಂದಲೇ ನಿಮ್ಮ ನೆಂಟರಿಗೂ ಅದು ಹೋಗುತ್ತದೆ.

ನಮ್ಮ ಪಕ್ಕದ ಮನೆಯವರಿಗೆ ಪರಿಚಯದವರ ನಂಬರಿಂದಲೇ ಬಂತು. ಮದುವೆ ಕಾಲ, ಒತ್ತಿದರು. ಬೆಳಗಾಗುವಷ್ಟರಲ್ಲಿ ಖಾತೆಯಿಂದ 43,000 ಹೋಗಿತ್ತು. ಹಾಗೆ ಆದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ದುಡ್ಡು ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ.

ಇದಾದ ಮೇಲೆ ಅವರ ಮನೆಯಲ್ಲಿ ಯಾರ ಆಮಂತ್ರಣ ಬಂದರೂ ತೆರೆಯುವುದೇ ಇಲ್ಲ. ಹಾಗಾಗಿ ಮೊಬೈಲ್‌ನಲ್ಲಿ ಕಳಿಸುವವರು ಲಿಂಕ್ ಕಳಿಸಬೇಡಿ, ಬರೀ ಫೋಟೊ ಕಳಿಸಿ. ಮೊದಲು ನಿಮ್ಮ ದನಿಯಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿ: ‘ನಾನು ಇಂಥವಳು, ತಮ್ಮನ ಮದುವೆ, ಕೆಳಗೆ ಫೋಟೊ ಕಳಿಸಿದ್ದೇನೆ’ ಅಂತ. ದನಿ ಕೇಳಿದರೆ ಧೈರ್ಯ ಬರುತ್ತದೆ.

ಗೋಣಿಬೀಡು ಅಕ್ಕ

ದನಿಯ ವಿಚಾರ ತುಂಬಾ ಇಷ್ಟವಾಯಿತು. ಅಪ್ಪನ ದನಿಯಲ್ಲೇ ಹಾಕಿಸಬಹುದಲ್ಲ! ಒಂದು ಪ್ರಶ್ನೆ. ಎಲ್ಲರಿಗೂ ಒಟ್ಟಿಗೆ ಕಳಿಸುವುದು ಹೇಗೆ? ಗ್ರೂಪ್ ಮಾಡಿದರೆ ಸರಿಯಾ?

ಅರಸೀಕೆರೆ ಟು ಬೆಂಗಳೂರು

ಗ್ರೂಪ್ ಬೇಡ ಅಕ್ಕ. 1,024 ಜನರವರೆಗೆ ಸೇರಿಸಬಹುದು, ಆದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಮಧ್ಯೆ ಯಾರೋ ಗದ್ದೆ ಮಾರಾಟಕ್ಕಿದೆ ಅಂತ ಹಾಕುತ್ತಾರೆ, ನಿಮ್ಮ ಮದುವೆ ಮೇಲಕ್ಕೆ ಹೋಗಿಬಿಡುತ್ತದೆ.

ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, ಒಂದೇ ಸಲ ಕಳಿಸಿದರೂ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಒಂದು ಲಿಸ್ಟಿಗೆ 256 ಜನ. ಆದರೆ ಇದು ನೆನಪಿರಲಿ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುವುದು. ನಿಮ್ಮ ತಮ್ಮನ ಬೆಂಗಳೂರು ನಂಬರು ಊರಿನ ಅತ್ತೆ ಮಾವಂದಿರ ಹತ್ತಿರ ಎಷ್ಟು ಜನರ ಬಳಿ ಇದೆ? ನನ್ನ ಮದುವೆಗೆ ನನ್ನ ಫೋನಿಂದ ಕಳಿಸಿದ್ದು ಅರ್ಧ ಜನಕ್ಕೆ ಹೋಗಿರಲೇ ಇಲ್ಲ. ಆಮೇಲೆ ಅಪ್ಪನ ಫೋನಿಂದ ಕಳಿಸಿದೆ, ಎರಡೇ ಗಂಟೆಯಲ್ಲಿ ಎಲ್ಲರಿಂದ ಉತ್ತರ ಬಂತು.

ಕಳಸದ ಕಡೆಯವಳು

ಸ್ಟೇಟಸ್‌ಗೆ ಹಾಕಿ ‘ಎಲ್ಲರಿಗೂ ತಿಳಿಸಿದ್ದೆ’ ಅನ್ನುವವರೂ ಇದ್ದಾರೆ. ಸ್ಟೇಟಸ್ ಇರುವುದೇ 24 ಗಂಟೆ. ಅದು ಕರೆಯೋಲೆ ಅಲ್ಲವೇ ಅಲ್ಲ. ಹಾಗೆ ಕರೆದ ಒಂದು ಮದುವೆಗೆ ನಾನು ಬೇಕಂತಲೇ ಹೋಗಲಿಲ್ಲ.

ಸಖರಾಯಪಟ್ಟಣ ಶಾನುಭೋಗರ ಮನೆ

ಮಧ್ಯೆ ಕೇಳುತ್ತಿದ್ದೇನೆ. ಬೀಗರೂಟದ ತಾರೀಕು ಕಾರ್ಡಿನಲ್ಲಿ ಹಾಕಬೇಕಾ, ಬೇಡವಾ?

ಆಲೂರಿನವ

ಹಾಕಬೇಡಿ. ಕಾರ್ಡ್ ಕೊಡುವಾಗ ಬರಬೇಕಾದವರಿಗೆ ಬಾಯಲ್ಲಿ ಹೇಳಿ. ಹಾಕಿದರೆ ಎಷ್ಟು ಎಲೆ ಬೀಳುತ್ತದೆ ಅಂತ ಲೆಕ್ಕ ಸಿಗುವುದಿಲ್ಲ.

ಯಸಳೂರು ಗೌಡ್ತಿ

ಹಾಕಿ. ಬೀಗರೂಟಕ್ಕೆ ಲೆಕ್ಕ ಇಟ್ಟುಕೊಂಡು ಕರೆಯುವುದು ನಮ್ಮ ಕಡೆ ಇಲ್ಲ.

ಆಲೂರಿನವ

ಅಕ್ಕ, ಮಟನ್ ಕಿಲೋಗೆ ಎಷ್ಟಾಗಿದೆ ಗೊತ್ತಲ್ವಾ ನಿಮಗೆ.

ಯಸಳೂರು ಗೌಡ್ತಿ

ಗೊತ್ತು. ಆದರೂ ಹಾಕಿ.

ಆಲ್ದೂರು ರೈಟರ್ ಮಗ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಯಾರೂ ಲೈನ್ ಮನೆಯವರ, ಅಂದರೆ ತೋಟದ ಕೆಲಸದವರ ಸಾಲು ಮನೆಯವರ ಬಗ್ಗೆ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಅಪ್ಪ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ (ತೋಟದ ಲೆಕ್ಕ ಬರೆಯುವವರು) ಆಗಿದ್ದರು. ನಾವು ಬೆಳೆದದ್ದು ಲೈನ್ ಮನೆಗಳ ಪಕ್ಕದಲ್ಲೇ. ತೋಟದ ಯಜಮಾನರ ಮಗಳ ಮದುವೆ ಆದಾಗ ನನಗೆ ಹನ್ನೆರಡು ವರ್ಷ. ಯಜಮಾನರು ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಜೊತೆ ನಡೆದುಕೊಂಡೇ ಲೈನಿಗೆ ಬಂದರು. 18 ಮನೆ. ಪ್ರತಿ ಬಾಗಿಲಲ್ಲೂ ನಿಂತು, ಹೆಸರು ಹಿಡಿದು ಕರೆದು, ಎಲೆ ಅಡಿಕೆ ಮೇಲೆ ಕಾರ್ಡ್ ಇಟ್ಟು ಕೊಟ್ಟರು. ಅದೇ ಕಾರ್ಡ್. ದೊಡ್ಡವರಿಗೆ ಕೊಟ್ಟದ್ದೇ. ಅಲ್ಲಿ ಓದಲು ಬರುತ್ತಿದ್ದವರು ಮೂರು ನಾಲ್ಕು ಜನ. ಪಕ್ಕದ ಮನೆ ಅಜ್ಜಿ ಕಾರ್ಡನ್ನು ನನ್ನ ಕೈಗೆ ಕೊಟ್ಟು ಓದಿಸಿಕೊಂಡರು. ಎರಡು ಸಲ ಓದಿಸಿದರು. ಆಮೇಲೆ ಕ್ಯಾಲೆಂಡರ್ ನೇತುಹಾಕಿದ ಮೊಳೆಗೆ ಅದನ್ನೂ ಚುಚ್ಚಿದರು. ಅರಿಶಿನ ಹಚ್ಚಿದ ಮೂಲೆ ಹೊಗೆ ಹಿಡಿದು ಕಂದಾಗುವವರೆಗೂ ಅದು ಅಲ್ಲೇ ಇತ್ತು. ನಾನು ಪಿಯುಸಿಗೆ ಹಾಸನಕ್ಕೆ ಹೊರಟಾಗಲೂ ನೋಡಿದ್ದೆ.

ಮೊನ್ನೆ ಇನ್ನೊಂದು ತೋಟದಲ್ಲಿ ಮದುವೆ ಆಯಿತು. ಮೇಸ್ತ್ರಿ ಫೋನಿಗೆ ಒಂದು ವಿಡಿಯೊ ಬಂತು, ‘ಎಲ್ಲರಿಗೂ ಹೇಳಿಬಿಡು’ ಅಂತ. ಮೇಸ್ತ್ರಿ ಹೇಳಿದ. ಯಾರೂ ಹೋಗಲಿಲ್ಲ.

ಅಕ್ಕ, ನಿಮ್ಮ 100 ಕಾರ್ಡಿನ ಲೆಕ್ಕದಲ್ಲಿ ನಿಮ್ಮ ತೋಟದ ಕೆಲಸದವರು ಇದ್ದಾರಾ? ಬೆಂಗಳೂರಿನವರಿಗೆ ವಿಡಿಯೊ ಕಳಿಸಿ, ಅವರು ಏನೂ ಅಂದುಕೊಳ್ಳುವುದಿಲ್ಲ. ಕಾರ್ಡ್ ಕಡಿಮೆ ಹಾಕಿಸಿದಾಗ ಮೊದಲು ಬಿಟ್ಟುಹೋಗುವುದು ಕಾರ್ಡ್ ಸಿಕ್ಕರೆ ಹೆಚ್ಚು ಸಂತೋಷ ಪಡುವವರೇ.

ನಿವೃತ್ತ ಮೇಷ್ಟ್ರು, ಹೊಳೆನರಸೀಪುರ

ಓದಿ ಕಣ್ಣು ತುಂಬಿತು ಮಗು. ಚೆನ್ನಾಗಿ ಬರೆದಿದ್ದೀಯ.

ಗೋಣಿಬೀಡು ಅಕ್ಕ

ಇಲ್ಲ ಅಣ್ಣ, ಅವರು ಪಟ್ಟಿಯಲ್ಲಿ ಇರಲಿಲ್ಲ. ‘ಅವರಿಗೆ ಬಾಯಲ್ಲಿ ಹೇಳಿದರೆ ಆಯಿತು’ ಅಂತ ನಾನೇ ಬರೆದಿದ್ದೆ. ನಮ್ಮಲ್ಲಿ ಆರು ಮನೆ ಖಾಯಂ ಕೆಲಸದವರು. ಅದರಲ್ಲಿ ಒಬ್ಬರು ನನ್ನನ್ನೂ ತಮ್ಮನನ್ನೂ ಎತ್ತಿ ಆಡಿಸಿದವರು. ಈಗಲೇ ಪಟ್ಟಿ ತೆಗೆದು ಮೇಲೆ ಬರೆದೆ.

ಬೇಲೂರು ಸೊಸೆ

ಹಾಗಾದರೆ ಎಷ್ಟು ಕಾರ್ಡ್ ಅಂತ ತೀರ್ಮಾನ ಮಾಡಿದಿರಿ?

ಅರಸೀಕೆರೆ ಟು ಬೆಂಗಳೂರು

ಆಲ್ದೂರಿನವರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ 800 ಜಾಸ್ತಿಯೇ. ಒಂದು ಮನೆಗೆ ಒಂದು ಕಾರ್ಡ್ ಲೆಕ್ಕ ಹಾಕಿ. ಅಣ್ಣ ತಮ್ಮ ಒಟ್ಟಿಗೆ ಇರುವ ಮನೆಗೂ ನಾವು ಮೂರು ಮೂರು ಕೊಟ್ಟೆವು. ಅದು ದಂಡ.

ಸಕಲೇಶಪುರ ಪ್ಲಾಂಟರ್

ಅಣ್ಣ ತಮ್ಮ ಒಟ್ಟಿಗೆ ಇದ್ದರೂ ಮೂರು ಕೊಡಬೇಕು ತಮ್ಮಾ. ಒಂದೇ ಕೊಟ್ಟರೆ ಯಾರ ಹೆಸರು ಬರೆಯುತ್ತೀಯ? ಅಲ್ಲೇ ಶುರುವಾಗುತ್ತದೆ.

ಹಾಸನ ಕೆ.ಆರ್. ಪುರಂ

ಉಳಿದದ್ದು ಏನೇ ಇರಲಿ, ಹತ್ತು ಕಾರ್ಡ್ ಜೋಪಾನವಾಗಿ ತೆಗೆದಿಡಿ. ಮದುವೆ ನೋಂದಣಿಗೆ ಬೇಕಾಗುತ್ತದೆ. ಹಿಂದೂ ವಿವಾಹ ನೋಂದಣಿ 2024ರಿಂದ ಸರ್ಕಾರದ ನೋಂದಣಿ ವೆಬ್‌ಸೈಟ್ ಕಾವೇರಿ 2.0ರಲ್ಲಿ ಆನ್‌ಲೈನ್ ಬಂದಿದೆ, ಆದರೂ ಆಮಂತ್ರಣ ಪತ್ರಿಕೆ ಕೇಳುತ್ತಾರೆ. ನನ್ನ ತಂಗಿ ಮದುವೆಯಲ್ಲಿ ಎಲ್ಲ ಹಂಚಿ ಮುಗಿಸಿ, ಆಮೇಲೆ ಅತ್ತೆ ಮನೆಯ ದೇವರ ಗೂಡಿನಿಂದ ಒಂದು ಹುಡುಕಿ ತಂದೆವು. ಕಾರ್ಡಿನಲ್ಲಿ ಮದುಮಕ್ಕಳ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇರಲಿ. ಮನೆಯಲ್ಲಿ ಕರೆಯುವ ಹೆಸರು ಹಾಕಿಸಬೇಡಿ.

ಡಿಟಿಪಿ ಕೆಲಸ, ಚಿಕ್ಕಮಗಳೂರು

ಈ ಮಾತು ಸರಿ. ಇನ್ನೊಂದು: ಮಂಟಪದ ದಾರಿಗೆ ಕಾರ್ಡಿನ ಹಿಂದೆ ಕ್ಯೂಆರ್ ಕೋಡ್ ಹಾಕಿಸಿ. ಅದನ್ನು ಬಂಗಾರದ ಬಣ್ಣದ ಫಾಯಿಲ್‌ನಲ್ಲಿ ಹಾಕಿಸಬೇಡಿ, ಬೆಳಕು ಬಿದ್ದು ಸ್ಕ್ಯಾನ್ ಆಗುವುದಿಲ್ಲ. ಬಿಳಿ ಮೇಲೆ ಕಪ್ಪು, ಅಂಗುಲದಷ್ಟು ದೊಡ್ಡದು. ಅಚ್ಚಿಗೆ ಕೊಡುವ ಮೊದಲು ಬೇರೆಯವರ ಫೋನಿನಲ್ಲಿ ತೆರೆದು ನೋಡಿ. ಒಂದು ಮಂಟಪದ ಲೊಕೇಶನ್ ಒತ್ತಿದರೆ ಊರಾಚೆ ಬೈಪಾಸಿಗೆ ಕರೆದುಕೊಂಡು ಹೋಗುತ್ತಿತ್ತು. ನಾನೇ ಹೋಗಿ ಮಂಟಪದ ಬಾಗಿಲಲ್ಲಿ ನಿಂತು ಸರಿಯಾದ ಪಿನ್ ತೆಗೆದುಕೊಂಡು ಬಂದೆ.

ಗೋಣಿಬೀಡು ಅಕ್ಕ

ನಿನ್ನೆ ರಾತ್ರಿ ಕಣದಲ್ಲಿ ಕಾಫಿಗೆ ಟಾರ್ಪಾಲು ಹೊದಿಸಿ ಬಂದ ಮೇಲೆ ಅಪ್ಪನಿಗೆ ಇಲ್ಲಿನ ಮಾತೆಲ್ಲ ಓದಿ ಹೇಳಿದೆ. ತಮ್ಮ ಫೋನಿನಲ್ಲಿ ಇದ್ದ. ಯಸಳೂರು ಅಕ್ಕನ ಸೋದರಮಾವನ ವಿಷಯ ಓದುವಾಗ ಇಬ್ಬರೂ ಸುಮ್ಮನಾದರು. ಆನೆ ವಿಷಯಕ್ಕೆ ಅಪ್ಪ ಏನೂ ಎದುರು ಹೇಳಲಿಲ್ಲ. ಲೈನ್ ಮನೆ ವಿಷಯ ಮುಗಿಯುವ ಮೊದಲೇ ‘ಅವರಿಗೆ ನಾನೇ ಹೋಗಿ ಕೊಡುತ್ತೇನೆ, ಅಷ್ಟು ನಡೆಯಲು ಆಗುತ್ತದೆ’ ಅಂದರು.

ಲಗ್ನಪತ್ರಿಕೆ ಬರೆಸಿದ ಸಂಜೆ ಅಪ್ಪನ ಫೋನಿಂದ ಒಂದೇ ಒಂದು ಫೋಟೊ, ಕನ್ನಡದಲ್ಲಿ, ಅಜ್ಜ ಅಜ್ಜಿ ಹೆಸರು ಹಾಕಿ, ಜೊತೆಗೆ ಅಪ್ಪನ ದನಿ. ತಮ್ಮ ತನ್ನ ಆಫೀಸಿನವರಿಗೆ, ಸ್ನೇಹಿತರಿಗೆ ಬೇಕಾದ ವಿಡಿಯೊ ಕಳಿಸಿಕೊಳ್ಳಲಿ. ಕಾರ್ಡು 400. ಊರು, ಮೂಡಿಗೆರೆ, ಸಕಲೇಶಪುರ ಕಡೆ ನಾನು ಮತ್ತು ನಮ್ಮ ಯಜಮಾನರು, ಹಗಲಲ್ಲಿ ಮಾತ್ರ. ಹಾಸನ, ಚನ್ನರಾಯಪಟ್ಟಣ ಕಡೆ ತಮ್ಮ ಎರಡು ವಾರ ರಜೆ ದಿನ ಬಂದು ಕೊಡಬೇಕು ಅಂತ ಅಪ್ಪ ಹೇಳಿದ್ದಾರೆ. ಅವನು ಒಪ್ಪಿದ.

ನೆಟ್‌ವರ್ಕ್ ಇಲ್ಲದ ಮನೆಗಳ ಪಟ್ಟಿಯನ್ನು ಅಮ್ಮ ಬೇರೆ ಮಾಡುತ್ತಿದ್ದಾರೆ. 37 ಆಗಿದೆ. ಆ ಮನೆಗಳಿಗೆ ದಿನ ಗಟ್ಟಿಯಾದ ವಾರವೇ ಯಾರಾದರೂ ಹೋಗಿ ಹೇಳಿ ಬರುವುದು. ಆಮೇಲೆ ಕಾರ್ಡ್ ಹಿಡಿದು ಇನ್ನೊಂದು ಸಲ.

ಯಸಳೂರು ಗೌಡ್ತಿ

ಎರಡು ಸಲ ಹೋಗುತ್ತೀರಾ! ನಮ್ಮ ಕಡೆಯೂ ನೆಂಟರಿದ್ದರೆ ಹೇಳಿ. ಬಂದಾಗ ಹಲಸಿನ ಮರದ ಹತ್ತಿರ ಹಾರ್ನ್ ಹೊಡೆಯಿರಿ, ಕಡುಬು ಮಾಡಿರುತ್ತೇನೆ.

ಆಲೂರಿನವ

ಅಕ್ಕ, ನಾನು ಈ ಭಾನುವಾರ ಚಿಕ್ಕಪ್ಪನ ಮನೆಗೆ ಹೋಗುತ್ತಿದ್ದೇನೆ. ಬೇಲೂರು ಅಕ್ಕ ಹೇಳಿದ್ದು ಮನಸ್ಸಿನಲ್ಲೇ ಉಳಿಯಿತು. ಏನಾಯಿತು ಅಂತ ಬಂದು ಬರೆಯುತ್ತೇನೆ.

ಡಿಟಿಪಿ ಕೆಲಸ, ಚಿಕ್ಕಮಗಳೂರು

400 ಕಾರ್ಡಿಗೆ ಮ್ಯಾಟರ್ ಮಾರ್ಚ್ ಮೊದಲ ವಾರ ಯಾವ ಪ್ರೆಸ್ಸಿಗಾದರೂ ಕೊಟ್ಟುಬಿಡಿ ಅಕ್ಕ. ಕೈಯಲ್ಲಿ ಬರೆದ ಚೀಟಿಯನ್ನೂ ಜೊತೆಗೆ ಕೊಡಿ.